ಹಾವಿನ ವಿಷದಿಂದ ಹೃದಯದ ಮದ್ದು

ಚನ್ನರಾಯನದುರ್ಗದ ಸುತ್ತ ಕಾಣುವಂಥ ಕಲ್ಲುಗುಡ್ಡ, ಕುರುಚಲು ಗಿಡಗಳ ಒಣನೆಲವೆಂದರೆ ಗರಗಸ ಮಂಡಲದ ಹಾವಿಗೆ ಇಷ್ಟ. ಗಾತ್ರದಲ್ಲಿ ಚಿಕ್ಕದು, ಮೈಯ ಸುರುಳಿಗಳನ್ನು ಒಂದಕ್ಕೊಂದು ಉಜ್ಜಿ ಗರಗಸ ಎಳೆದಂತೆ ಸದ್ದು ಮಾಡುತ್ತದೆ. ಅದು ಕಚ್ಚಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಆಗ ಒಸಡಿನಿಂದ, ಮೂತ್ರದಲ್ಲಿ, ಗಾಯದಿಂದ ರಕ್ತ ಸುರಿಯುತ್ತದೆ. ಇದೇ ವಿಷದ ಒಂದು ಅಂಶ ಹೃದ್ರೋಗದ ಔಷಧವೊಂದಕ್ಕೆ ಮಾದರಿಯಾಯಿತು. ಔಷಧದ ಹೆಸರು ಟೈರೋಫಿಬಾನ್.

ನಮ್ಮ ರಕ್ತದಲ್ಲಿ ಕಿರುತಟ್ಟೆಗಳಿವೆ. ವೈದ್ಯರು ಪ್ಲೇಟ್‌ಲೆಟ್ ಎನ್ನುವುದು ಇವುಗಳನ್ನೇ. ಗಾಯವಾದಾಗ ಇವು ಒಂದಕ್ಕೊಂದು ಅಂಟಿಕೊಂಡು ತೂತು ಮುಚ್ಚುತ್ತವೆ. ಎರಡು ಕಿರುತಟ್ಟೆಗಳ ನಡುವೆ ಸೇತುವೆಯಾಗುವುದು ಫೈಬ್ರಿನೋಜೆನ್ ಎಂಬ ಪ್ರೋಟೀನು. ಗರಗಸ ಮಂಡಲದ ವಿಷದಿಂದ 1988ರಲ್ಲಿ ಬೇರ್ಪಡಿಸಿದ ಎಕಿಸ್ಟಾಟಿನ್ ಎಂಬ 49 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನು ಈ ಸೇತುವೆ ಕೂರುವ ಜಾಗದಲ್ಲಿ ತಾನೇ ಕುಳಿತುಬಿಡುತ್ತದೆ. ಬೀಗದೊಳಗೆ ಬೇರೆ ಕೀಲಿ ಸಿಕ್ಕಿಕೊಂಡಂತೆ! ಅದರ ಮುಖ್ಯ ಭಾಗವನ್ನು ಹೋಲುವ ಸಣ್ಣ ಅಣುವನ್ನು ರಸಾಯನಶಾಸ್ತ್ರಜ್ಞರು ಪ್ರಯೋಗಾಲಯದಲ್ಲಿ ಕಟ್ಟಿದರು. 1998ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು.

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕರೊನರಿ ಧಮನಿ ಕಟ್ಟಿಕೊಂಡಾಗ ಆಂಜಿಯೋಪ್ಲಾಸ್ಟಿ ಮಾಡಿ, ಬಲೂನಿನಿಂದ ಹಿಗ್ಗಿಸಿ, ಸ್ಟೆಂಟ್ ಇಡುತ್ತಾರೆ. ಬಲೂನು ಹಿಗ್ಗಿದಾಗ ಧಮನಿಯ ಒಳಗೋಡೆ ಸ್ವಲ್ಪ ಹರಿಯುತ್ತದೆ. ಕಿರುತಟ್ಟೆಗಳು ಅದನ್ನೂ ಗಾಯವೆಂದೇ ತಿಳಿದು ಮುತ್ತುತ್ತವೆ. ತೆರೆದ ದಾರಿ ಮತ್ತೆ ಮುಚ್ಚಬಹುದು. ಮಾತ್ರೆ ನುಂಗಿ ಫಲ ಕಾಣಲು ಹೊತ್ತು ಹಿಡಿಯುತ್ತದೆ. ಅಭಿಧಮನಿಯ ಮೂಲಕ ಕೊಟ್ಟ ಔಷಧ ಕೆಲವೇ ನಿಮಿಷಗಳಲ್ಲಿ ಕೆಲಸ ಶುರುಮಾಡುತ್ತದೆ. ಹಾಗೆಂದು ಇದು ಎಲ್ಲರಿಗೂ ಬೇಕಾಗುವುದಿಲ್ಲ. ಹೆಪ್ಪು ದೊಡ್ಡದಿದ್ದಾಗ, ರಕ್ತದ ಹರಿವು ಕುಂಟುತ್ತಿರುವಾಗ ಮಾತ್ರ ಇಂದಿನ ವೈದ್ಯರು ಇದಕ್ಕೆ ಕೈಹಾಕುತ್ತಾರೆ. ಹಾವು ಕಚ್ಚಿದವರಿಗೆ ಆಗುವಂತೆ ರಕ್ತಸ್ರಾವವಾಗುವುದೇ ಇದರ ದೊಡ್ಡ ಅಪಾಯ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಸಾಮಾನ್ಯವಾಗಿ ಮೊದಲ ಪ್ರಮಾಣ ಪ್ರತಿ ಕಿಲೋ ತೂಕಕ್ಕೆ 25 ಮೈಕ್ರೋಗ್ರಾಂ. 60 ಕಿಲೋ ತೂಗುವವರಿಗೆ 1,500 ಮೈಕ್ರೋಗ್ರಾಂ ಆಯಿತು. ರೋಗಿ ನಿಜಕ್ಕೂ 45 ಕಿಲೋ ಇದ್ದು, ಕಣ್ಣಂದಾಜಿನಲ್ಲಿ 60 ಎಂದು ಬರೆದರೆ? 1,125 ಸಾಕಿದ್ದ ಕಡೆ ಮೂರನೆಯ ಒಂದು ಭಾಗದಷ್ಟು ಹೆಚ್ಚು ಹೋಗುತ್ತದೆ! ತೂಕದ ಯಂತ್ರ ಇಲ್ಲಿ ಸಣ್ಣ ಸಾಧನವೇನಲ್ಲ. ಆಮೇಲೆ ಹನಿಹನಿಯಾಗಿ ಕೊಡುವ ಪ್ರಮಾಣ ಕಿಲೋಗೆ ನಿಮಿಷಕ್ಕೆ 0.15 ಮೈಕ್ರೋಗ್ರಾಂ. ಔಷಧ ಬಹುಪಾಲು ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ, ಮೂತ್ರಪಿಂಡ ಸೋತವರಿಗೆ ಇದನ್ನು ಅರ್ಧಕ್ಕೆ, 0.075ಕ್ಕೆ, ಇಳಿಸಬೇಕು. ಕ್ರಿಯಾಟಿನಿನ್ ಪರೀಕ್ಷೆಯ ಚೀಟಿ ನೋಡುವುದು ಇದಕ್ಕಾಗಿ.

ಮಧುಗಿರಿ, ಪಾವಗಡ ಕಡೆಯವರಿಗೆ ಇನ್ನೊಂದು ವಿಷಯ ಮುಖ್ಯ. 2021ರಲ್ಲಿ ಹೃದಯ ಸ್ತಂಭನದಿಂದ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ರೂಪಿಸಿದ ಹೃದಯ ಜ್ಯೋತಿ ಯೋಜನೆಯಂತೆ, ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚಿ, ಬಳಿಕ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಜೀವ ಉಳಿಸುವ ಏರ್ಪಾಡು ಇದು. ಆದರೆ ಆ ಚುಚ್ಚುಮದ್ದಿನ ಬೆನ್ನಿಗೇ ಟೈರೋಫಿಬಾನ್ ಸೇರಿದರೆ ಮಿದುಳಿನಲ್ಲೂ ರಕ್ತಸ್ರಾವವಾಗುವ ಭಯ ಹೆಚ್ಚು. ಯಾವ ಔಷಧ, ಎಷ್ಟು ಗಂಟೆಗೆ ಕೊಟ್ಟರು ಎಂದು ಬರೆದ ಚೀಟಿ ರೋಗಿಯ ಜೊತೆಯಲ್ಲೇ ಆಂಬ್ಯುಲೆನ್ಸ್ ಏರಬೇಕು. ಗಾಬರಿಯಲ್ಲಿ ಹಿರಿಯರು ಮರೆಯುವುದುಂಟು. ಅದನ್ನು ಕೇಳಿ ಇಸಿದುಕೊಳ್ಳುವ ಕೆಲಸವನ್ನು ಓದು ಬಲ್ಲ ನೀವು ಮಾಡಬಹುದು. ಕಳೆದ ತಿಂಗಳಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯೋ ಬಲವಾದ ಪೆಟ್ಟೋ ಆಗಿದ್ದರೆ ಕೇಳುವ ಮೊದಲೇ ಹೇಳಿ. ಅಂಥವರಿಗೆ ಈ ಔಷಧ ಸಲ್ಲದು.

ಕೊಟ್ಟ ಮೇಲೂ ಕಾವಲು ಬೇಕು. ಕೆಲವರಲ್ಲಿ ಕಿರುತಟ್ಟೆಗಳ ಸಂಖ್ಯೆ ಥಟ್ಟನೆ ಕುಸಿಯುವುದರಿಂದ ಸುಮಾರು 6 ಗಂಟೆಯೊಳಗೆ ರಕ್ತ ಎಣಿಸಿ ನೋಡುತ್ತಾರೆ. ತೊಡೆಸಂದಿಯ ಧಮನಿಗಿಂತ ಮಣಿಕಟ್ಟಿನ ಧಮನಿಯಲ್ಲಿ ನಳಿಗೆ ತೂರಿಸಿದರೆ ರಕ್ತ ಸೋರುವುದು ಕಡಿಮೆ, ಒತ್ತಿ ಹಿಡಿಯುವುದೂ ಸುಲಭ. ಇದಕ್ಕೆ ನೇರ ಪ್ರತ್ಯೌಷಧವಿಲ್ಲ. ರಕ್ತ ನಿಲ್ಲದಿದ್ದರೆ ಮೊದಲು ಹನಿ ನಿಲ್ಲಿಸುತ್ತಾರೆ. ಸುಮಾರು 4ರಿಂದ 8 ಗಂಟೆಗಳಲ್ಲಿ ಕಿರುತಟ್ಟೆಗಳು ಮತ್ತೆ ಅಂಟಿಕೊಳ್ಳತೊಡಗುತ್ತವೆ. 2015ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕ್ಯಾಂಗ್ರೆಲಾರ್ ಎಂಬ ಇನ್ನೊಂದು ಔಷಧದ ಪ್ರಭಾವ ಹನಿ ನಿಲ್ಲಿಸಿದ ಒಂದು ಗಂಟೆಯೊಳಗೇ ಇಳಿದುಹೋಗುತ್ತದೆ.