ಗ್ಯಾಲರಿಯ ಓಟು, ಅಂಕಣದ ಓಟು

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಸೇವಂತಿಗೆ ಮೂಟೆ ಬಿಚ್ಚುತ್ತಿದ್ದಂತೆ ಗಿರಾಕಿಯ ಕಣ್ಣು ಬಣ್ಣದ ಮೇಲೆ ಬೀಳುತ್ತದೆ. ಹೂವಿನ ವ್ಯಾಪಾರ ಬಲ್ಲವರು ಒಳಗೆ ಕೈಯಿಳಿಸಿ ತಳದ ಹೂವು ನೋಡುತ್ತಾರೆ. ಅಮೆರಿಕದ ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗ್ ಡಬ್ಲ್ಯೂಎನ್‌ಬಿಎ ತನ್ನ ಆಲ್‌ಸ್ಟಾರ್ ಪಂದ್ಯಕ್ಕೆ ಈ ಎರಡೂ ಬಗೆಯ ಕಣ್ಣನ್ನು ನೆಚ್ಚಿಕೊಂಡಿದೆ.

2025ರ ಲೆಕ್ಕ ಹೀಗಿತ್ತು. ಮೊದಲ ಹತ್ತು ಮಂದಿಯ ಆಯ್ಕೆಯಲ್ಲಿ ಅಭಿಮಾನಿಗಳ ಮತಕ್ಕೆ ಅರ್ಧ ತೂಕ; ಆಟಗಾರ್ತಿಯರಿಗೆ ಕಾಲು, ಪತ್ರಕರ್ತರಿಗೆ ಕಾಲು. ಹತ್ತರಲ್ಲಿ ನಾಲ್ವರು ಗಾರ್ಡ್‌ಗಳು, ಆರು ಮಂದಿ ಮುಂಚೂಣಿಯವರು. ಉಳಿದ 12 ಮಂದಿಯನ್ನು ತಂಡಗಳ ಕೋಚ್‌ಗಳು ಆರಿಸಿದರು. ತಮ್ಮದೇ ತಂಡದವರಿಗೆ ಅವರು ಓಟು ಹಾಕುವಂತಿರಲಿಲ್ಲ, ಅದೊಂದು ಜಾಣ ಬೇಲಿ. ಅಭಿಮಾನಿಗಳ ಮತದಲ್ಲಿ ಮೊದಲೆರಡು ಸ್ಥಾನ ಪಡೆದವರು ನಾಯಕಿಯರಾಗಿ ತಂಡ ಹಂಚಿಕೊಂಡರು.

ಆ ವರ್ಷ ಕೇಟ್ಲಿನ್ ಕ್ಲಾರ್ಕ್ ಅವರಿಗೆ ಬಿದ್ದ ಅಭಿಮಾನಿಗಳ ಓಟು 12,93,526. ಗಾರ್ಡ್‌ಗಳ ಪೈಕಿ ಪತ್ರಕರ್ತರು ಅವರನ್ನು ಮೂರನೆಯವರೆಂದರು. ಜೊತೆಗೆ ಆಡುವವರು ಒಂಬತ್ತನೆಯವರೆಂದರು! ಹೊಟ್ಟೆಕಿಚ್ಚು ಎಂದು ಅಭಿಮಾನಿಗಳು ಸಿಡಿದರು. ಇರಬಹುದು. ಆದರೆ ಗಾಯದಿಂದ ಅವರು ಹಲವು ಪಂದ್ಯ ಆಡಿರಲಿಲ್ಲ ಎಂಬುದೂ ನಿಜ. ಎದುರಾಳಿಯ ದಾರಿ ಕಟ್ಟುವುದು, ಗೆಳತಿ ಸೋತ ಕಡೆ ಓಡಿ ಬರುವುದು, ಇವು ಗ್ಯಾಲರಿಗೆ ಕಾಣುವುದು ಕಡಿಮೆ. ಪೆಟ್ಟು ತಿಂದವರಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಆಟಗಾರ್ತಿಯರ ಕಾಲು ಪಾಲು ಇನ್ನೂ ಹಿಗ್ಗಬೇಕೆಂಬುದು ನನ್ನ ವಾದ. ಕೊನೆಗೆ ಕ್ಲಾರ್ಕ್ ಮತ್ತೆ ಗಾಯಗೊಂಡು ಆಡಲೇ ಇಲ್ಲ. ಅವರ ಜಾಗಕ್ಕೆ ಲೀಗ್ ಕಮಿಷನರ್ ಆರಿಸಿದ್ದು ಬ್ರಿಯೋನಾ ಜೋನ್ಸ್ ಅವರನ್ನು. ಇಂಡಿಯಾನಾಪೊಲಿಸ್‌ನಲ್ಲಿ ಇನ್ನೊಂದು ತಂಡದ ನಾಯಕಿ ನಫೀಸಾ ಕಾಲಿಯರ್ 36 ಅಂಕ ಗಳಿಸಿ ಆಲ್‌ಸ್ಟಾರ್ ದಾಖಲೆ ಬರೆದರು. ಅವರ ತಂಡ 151–131ರಿಂದ ಗೆದ್ದಿತು.

ಇನ್ನು ನಮ್ಮ ಬ್ಯಾಸ್ಕೆಟ್‌ಬಾಲ್ ಕಡೆ ಬರೋಣ. ಮಾರ್ಕೆಟ್‌ನಿಂದ ಕಾರ್ಪೊರೇಷನ್ ವೃತ್ತ ದಾಟಿದರೆ ಕಂಠೀರವ ಕ್ರೀಡಾಂಗಣ ದೂರವಿಲ್ಲ. 2017ರ ಜುಲೈನಲ್ಲಿ ಭಾರತದ ಮಹಿಳೆಯರು ಇಲ್ಲಿಯೇ ಕಜಕಸ್ತಾನವನ್ನು 75–73ರಿಂದ ಮಣಿಸಿ ಏಷ್ಯಾ ಕಪ್‌ನ ‘ಬಿ’ ವಿಭಾಗ ಗೆದ್ದರು. ಎರಡು ವರ್ಷ ಬಿಟ್ಟು ಇದೇ ಊರಿನಲ್ಲಿ ಜಪಾನ್ ಏಷ್ಯಾ ಕಪ್ ಎತ್ತಿತು. ನಾಕೊ ಮೊಟೊಹಾಶಿ ಟೂರ್ನಿಯ ಶ್ರೇಷ್ಠ ಆಟಗಾರ್ತಿ.

ಆದರೂ ನಮ್ಮ ಮಹಿಳೆಯರಿಗೆ ಡಬ್ಲ್ಯೂಎನ್‌ಬಿಎಯಂತೆ ಬೇರೂರಿದ ವೃತ್ತಿಪರ ಲೀಗ್ ಇಲ್ಲ. ದೇಶದ ತಂಡದ 12 ಹೆಸರು ಶಿಬಿರದಲ್ಲಿ ಆಟ ನೋಡಿದ ಕೋಚ್, ಆಯ್ಕೆದಾರರಿಂದ ಬರುತ್ತವೆ. ಆಟಗಾರ್ತಿಯರ ಓಟಿಗೆ ಲೀಗ್ ಬರುವ ತನಕ ಕಾಯಬೇಕಿಲ್ಲ, ರಾಜ್ಯಮಟ್ಟದ ಟೂರ್ನಿಯಲ್ಲೇ ಶುರು ಮಾಡಬಹುದು. ಕೊನೆಯ ದಿನ ಪ್ರತಿ ಆಟಗಾರ್ತಿಗೂ ಒಂದು ಚೀಟಿ ಕೊಟ್ಟು, ಸ್ವಂತ ತಂಡ ಬಿಟ್ಟು ಐದು ಹೆಸರು ಬರೆಸಲಿ. ಸ್ಕೋರ್‌ಶೀಟಿನಲ್ಲಿ ಎದ್ದು ಕಾಣದ ಒಬ್ಬಿಬ್ಬರು ಆ ಚೀಟಿಗಳಲ್ಲಿ ಸಿಕ್ಕೇ ಸಿಗುತ್ತಾರೆ.