ತಪ್ಪಲ್ಲದ ತಪ್ಪುತ್ತರಗಳು

ಕಾಫಿಯ ನಾಡಿನಲ್ಲಿ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಬೀಳುವ ಮೊದಲ ಮಳೆಗೆ ಹೂಮಳೆಯೆಂದು ಹೆಸರು. ಅದು ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಬೆಳ್ಳಗೆ ಅರಳುತ್ತದೆ. ಬೀಳದಿದ್ದರೆ ವರ್ಷದ ಫಸಲು ಸಂದೇಹಕ್ಕೀಡಾಗುತ್ತದೆ. ಬಯಲುಸೀಮೆಯಿಂದ ವರ್ಗವಾಗಿ ಬಂದ ಕನ್ನಡ ಪಂಡಿತರೊಬ್ಬರಿಗೆ ಇದು ತಿಳಿಯದೆಂದು ಭಾವಿಸೋಣ. ವೀರನ ಮೇಲೆ ದೇವತೆಗಳು ಸುರಿಸುವ ಪುಷ್ಪವೃಷ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವರು, "ಹೂಮಳೆ ಯಾವಾಗ ಸುರಿಯುತ್ತದೆ?" ಎಂದು ತರಗತಿಯನ್ನು ಕೇಳುತ್ತಾರೆ. "ಯುಗಾದಿ ಆಸುಪಾಸಿಗೆ ಸಾರ್! ಒಂದಿಂಚಾದ್ರೂ ಬೀಳ್ಬೇಕು. ಇಲ್ದಿದ್ರೆ ಸ್ಪ್ರಿಂಕ್ಲರ್ ಹಾಕ್ಬೇಕು" ಎಂದು ಹಿಂದಿನ ಬೆಂಚಿನ ಬಾಲಕ ಉತ್ತರ ಕೊಡುತ್ತಾನೆ. ಸ್ಪ್ರಿಂಕ್ಲರು ಹಿಡಿದು ಆಕಾಶದಲ್ಲಿ ನಿಂತ ದೇವೇಂದ್ರನು ಪಂಡಿತರ ಕಣ್ಣಿಗೆ ಕಟ್ಟಿದರೆ ಅದು ಬಾಲಕನ ತಪ್ಪೇ?

ಭಾಷೆಯ ತರಗತಿಯಲ್ಲಿ ಸಾಮಾನ್ಯ ಜ್ಞಾನದ ಪ್ರಶ್ನೋತ್ತರವೆಂದರೆ ಮಕ್ಕಳಿಗೆ ಹಬ್ಬ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಗಿರಿಸೀಮೆಯಲ್ಲಿ ಅದು ನಗೆಯ ಹಬ್ಬವೂ ಆಗಬಲ್ಲದು. ಏಕೆಂದರೆ ಅಲ್ಲಿಯ ಮಕ್ಕಳ ಬಳಿ ಎರಡು ನಿಘಂಟುಗಳಿವೆ. ಒಂದು ಪಠ್ಯಪುಸ್ತಕದ್ದು, ಇನ್ನೊಂದು ತೋಟದ್ದು. ಪುಸ್ತಕದಲ್ಲಿ ಕಣವೆಂದರೆ ಅತಿ ಸೂಕ್ಷ್ಮವಾದ ವಸ್ತು. ತೋಟದಲ್ಲಿ ಕಣವೆಂದರೆ ಕಾಫಿ ಒಣಗಿಸುವ ವಿಶಾಲವಾದ ಅಂಗಳ. "ಕಣ ನಮ್ಮ ಸ್ಕೂಲಿಗಿಂತ ದೊಡ್ಡದು ಸಾರ್" ಎಂದು ಹುಡುಗನೊಬ್ಬ ವಾದಕ್ಕೆ ನಿಂತರೆ ಆಶ್ಚರ್ಯವಿಲ್ಲ. "ಒಂದು ಲೈನು ಬರಿ" ಎಂದರೆ ಕೂಲಿಗಾರರ ಸಾಲುಮನೆಯ ಚಿತ್ರ ಬರೆಯುವ ಮಗುವೂ ಉಂಟು. "ಮೂಡಿಗೆರೆಯಲ್ಲಿದ್ದ ಹೆಸರಾಂತ ರೈಟರ್ ಯಾರು?" ಎಂದು ಕೇಳುವ ಉಪಾಧ್ಯಾಯರು ನಿರೀಕ್ಷಿಸುವುದು ೨೦೦೭ರಲ್ಲಿ ನಿಧನರಾದ ಪೂರ್ಣಚಂದ್ರ ತೇಜಸ್ವಿಯವರ ಹೆಸರನ್ನು. ಆದರೆ ಪ್ರತಿದಿನ ಬೆಳಿಗ್ಗೆ ಆಳುಗಳ ಹಾಜರಿ ಬರೆದುಕೊಳ್ಳುವ ರೈಟರನ್ನು ಕಂಡೇ ಬೆಳೆದ ಮಗುವಿಗೆ ಆ ಹೆಸರೇ ಮೊದಲು ನೆನಪಾದೀತು!

ಮನೆಮಾತುಗಳು ಬಂದು ಸೇರಿದಾಗ ಗೊಂದಲ ಇನ್ನೂ ಸ್ವಾರಸ್ಯಕರವಾಗುತ್ತದೆ. ಚಾರ್ಮಾಡಿ ಘಾಟಿಯನ್ನೇರಿ ತುಳು ಬಂದಿದೆ. ಕೊಂಕಣಿ, ಬ್ಯಾರಿ, ತಮಿಳು, ಮಲಯಾಳ, ಉರ್ದು ಮಾತುಗಳಿವೆ. ಇತ್ತೀಚಿನ ವರ್ಷಗಳಲ್ಲಿ ಅಸ್ಸಾಮು ಮೊದಲಾದ ದೂರದ ರಾಜ್ಯಗಳ ಕಾರ್ಮಿಕರೂ ಬಂದಿದ್ದಾರೆ. "ಇದಕ್ಕೆ ಯಾರು ಉತ್ತರ ಹೇಳುತ್ತೀರಿ?" ಎಂದಾಗ ಕೊಂಕಣಿಯ ಹುಡುಗಿ ಉತ್ಸಾಹದಿಂದ "ಹಾಂವ್!" ಎಂದು ಕೂಗಿದರೆ, ಪಕ್ಕದವರು ಬೆಂಚಿನ ಮೇಲೆ ಕಾಲೆತ್ತಿಕೊಂಡಾರು. ಆಕೆ ಹೇಳಿದ್ದು 'ನಾನು' ಎಂದಷ್ಟೆ. "ಕಾಡುಪ್ರಾಣಿಗಳ ಪಟ್ಟಿ ಬರೆಯಿರಿ" ಎಂದರೆ ಮಲಯಾಳದ ಬಾಲಕ ಸೀಳುನಾಯಿಯೊಂದನ್ನೇ ಬರೆದು ಸುಮ್ಮನಾದಾನು; ಅವನ ಮನೆಯಲ್ಲಿ ಪಟ್ಟಿಯೆಂದರೆ ನಾಯಿ. ಬಾಗಿಲಿಗೆ ಅಡ್ಡ ನಿಂತ ಗೆಳೆಯನಿಗೆ ಹಿಂದಿಯಲ್ಲಿ "ಆನೇ ದೋ" ಎಂದವನು ಒಳಗೆ ಬರಲು ದಾರಿ ಕೇಳುತ್ತಿರುವನಷ್ಟೆ. ಆದರೆ ತೋಟಗಳಿಗೆ ನಿಜವಾಗಿಯೇ ಆನೆ ನುಗ್ಗುವ ಮೂಡಿಗೆರೆಯ ಸೀಮೆಯಲ್ಲಿ ಆ ಮಾತು ಕೇಳಿ ಕಿಟಕಿಯತ್ತ ನೋಡದವರು ಯಾರು?

ಇಷ್ಟರವರೆಗೆ ನಕ್ಕದ್ದಾಯಿತು. ಇನ್ನೊಂದು ಪ್ರಶ್ನೆಯನ್ನು ನೋಡೋಣ. "ಹುಲಿಗೆ ಗುಹೆ, ಹಕ್ಕಿಗೆ ಗೂಡು, ಮನುಷ್ಯನಿಗೆ?" ತುಳು ಮನೆಮಾತಿನ ಮಗು "ಇಲ್ಲ್" ಎನ್ನುತ್ತದೆ. ತುಳುವಿನಲ್ಲಿ ಅದು ಮನೆ. ಕನ್ನಡದ ಕಿವಿಗೆ ಅದು 'ಇಲ್ಲ'. "ಮನುಷ್ಯನಿಗೇಕೋ ಇಲ್ಲ?" ಎಂದು ತರಗತಿ ನಗುತ್ತದೆ. ಆದರೆ ಲೈನಿನಲ್ಲಿ ಬೆಳೆಯುವ ಮಗುವಿನ ಮಟ್ಟಿಗೆ ಎರಡು ಅರ್ಥವೂ ಸತ್ಯವೇ. ಇರುವ ಮನೆ ತೋಟದ್ದು. ತಂದೆತಾಯಿ ಕೆಲಸ ಬಿಟ್ಟು ಹೊರಟ ದಿನ ಅದೂ ಇಲ್ಲ.

ನಗೆ ಕೆಟ್ಟದ್ದಲ್ಲ. ಯಾರು ನಗುತ್ತಾರೆ, ಯಾರನ್ನು ಕುರಿತು ನಗುತ್ತಾರೆ ಎಂಬುದೇ ಮುಖ್ಯ. ಪದಗಳ ಕುಚೇಷ್ಟೆಗೆ ಎಲ್ಲರೂ ಸೇರಿ ನಕ್ಕರೆ ಒಂದು ಪಾಠಕ್ಕೆ ಎರಡು ಭಾಷೆ ಕಲಿತಂತಾಯಿತು. ಮಗುವನ್ನು ಕುರಿತೇ ನಕ್ಕರೆ ಮರುದಿನದಿಂದ ಅದು ಕೈ ಎತ್ತುವುದಿಲ್ಲ. ಉತ್ತರ ಗೊತ್ತಿದ್ದರೂ ಬಾಯಿ ಬಿಡುವುದಿಲ್ಲ. ಕಾಲಕ್ರಮದಲ್ಲಿ ದಡ್ಡನೆಂಬ ಬಿರುದೂ ದೊರೆಯುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿದ ೩೫೦ಎ ವಿಧಿ ಹೇಳುತ್ತದೆ. ಆದರೆ ಒಂದೇ ಕೊಠಡಿಯಲ್ಲಿ ಐದಾರು ಮನೆಮಾತುಗಳು ಕುಳಿತಿರುವಲ್ಲಿ ಆ ಹೊಣೆಯ ಬಹುಪಾಲು ಉಪಾಧ್ಯಾಯರ ಕಿವಿಯ ಮೇಲೆಯೇ ಬೀಳುತ್ತದೆ. "ತಪ್ಪು, ಕೂತ್ಕೋ" ಎನ್ನುವ ಮೊದಲು "ಯಾಕೆ ಹಾಗಂದೆ, ಮಗು?" ಎಂದು ಕೇಳುವುದಕ್ಕೆ ಯಾವ ಸರ್ಕಾರದ ಅನುದಾನವೂ ಬೇಕಾಗಿಲ್ಲ.

ಹಾಗೆ ಕೇಳುವುದರಿಂದ ದೊಡ್ಡವರಿಗೂ ಲಾಭವುಂಟು. "ಕುವೆಂಪು ಹುಟ್ಟಿದ ಊರು ಯಾವುದು?" ಎಂದೊಡನೆ ಇಡೀ ತರಗತಿ "ಕುಪ್ಪಳಿ" ಎಂದು ಕೂಗುವುದು ಸಹಜ, ಬಹುಮಂದಿ ಹಿರಿಯರ ಉತ್ತರವೂ ಅದೇ. ಆಗ ಕೊಪ್ಪದ ಕಡೆಯ ಹುಡುಗಿಯೊಬ್ಬಳು ಅಳುಕುತ್ತ "ಹಿರೇಕೊಡಿಗೆ" ಎಂದರೆ ನಗುವವರೇ ಹೆಚ್ಚು. ಆದರೆ ಸರಿಯುತ್ತರ ಆಕೆಯದೇ. ಕವಿ ಬೆಳೆದದ್ದು ತೀರ್ಥಹಳ್ಳಿಯ ಕುಪ್ಪಳಿಯಲ್ಲಿ. ೧೯೦೪ರ ಡಿಸೆಂಬರ್ ೨೯ರಂದು ಹುಟ್ಟಿದ್ದು ಚಿಕ್ಕಮಗಳೂರು ಜಿಲ್ಲೆಯ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ.