ಹಳೆಯ ಕಾರಿನ ಗಾಳಿನಾಳ: ಸಣ್ಣ ಉದ್ದಿಮೆಗೊಂದು ಲೆಕ್ಕಾಚಾರ

ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಸಂಸ್ಥೆಯು 1998ರಲ್ಲಿ ಹೊರತಂದ 'ಸ್ಯಾನ್ ಸ್ಟಾರ್ಮ್' ಎರಡು ಆಸನಗಳ, ಫೈಬರ್‌ಗ್ಲಾಸ್ ಹೊರಮೈಯ ಸ್ಪೋರ್ಟ್ಸ್ ಕಾರು. ತಯಾರಿಕೆ ನಿಂತಿರುವ ಇಂತಹ ಕಾರುಗಳಲ್ಲಿ ರೇಡಿಯೇಟರಿಗೆ ಗಾಳಿ ಒಯ್ಯುವ ನಾಳವು ಬಿರುಕುಬಿಟ್ಟರೆ ಗಾಳಿ ಪಕ್ಕಕ್ಕೆ ಸೋರಿ ಎಂಜಿನ್ ಅತಿಯಾಗಿ ಕಾಯುತ್ತದೆ. ಸಿಲಿಂಡರ್ ಹೆಡ್ ಸೊಟ್ಟಗಾದರೆ ದುರಸ್ತಿಯ ವೆಚ್ಚ ಹಲವು ಪಟ್ಟಾಗುತ್ತದೆ.

ಹೊಸ ಡೈ ಮಾಡಿಸಿ, ಅದರ ವೆಚ್ಚವನ್ನು ಹತ್ತೇ ನಾಳಗಳ ಮೇಲೆ ಹಂಚಿದರೆ ಬೆಲೆ ಯಾರಿಗೂ ಎಟುಕದು. ಹಳೆಯ ನಾಳವನ್ನೇ ಮಾದರಿಯಾಗಿಟ್ಟು ಫೈಬರ್‌ಗ್ಲಾಸ್ ಮತ್ತು ಎಪಾಕ್ಸಿಯಿಂದ ಕೈಯಲ್ಲೇ ರೂಪಿಸುವುದು ಶ್ರೀನಗರದಂತಹ ಬಡಾವಣೆಯ ಸಣ್ಣ ಕಾರ್ಯಾಗಾರಕ್ಕೂ ಸಾಧ್ಯ. ಎಕ್ಸಾಸ್ಟ್ ಸಮೀಪದ ಭಾಗಕ್ಕೆ ಅಲ್ಯುಮಿನಿಯಂ ತಗಡು ಲೇಸು.

ದರ ಹೇಳುವಾಗ ಕಚ್ಚಾಸಾಮಗ್ರಿಯನ್ನಷ್ಟೇ ಲೆಕ್ಕಹಾಕುವುದು ತಪ್ಪು. ಅಳತೆ, ಅಚ್ಚು, ಉಜ್ಜುವಿಕೆ, ಜೋಡಿಸಿ ನೋಡುವಿಕೆ: ಇವುಗಳಿಗೆ ತಗಲುವ ಗಂಟೆಗಳೇ ನಿಜವಾದ ವೆಚ್ಚ. ಅಚ್ಚನ್ನು ಜೋಪಾನವಾಗಿಟ್ಟರೆ ಎರಡನೆಯ ಗಿರಾಕಿಯಿಂದ ಲಾಭ ಹೆಚ್ಚುತ್ತದೆ.